ಸಾಕಿದ ಜೀವವನ್ನು ಬೀದಿಗೆ ಬಿಡುವ ಮುನ್ನ: ಸಂತಾನಹರಣದ ಬಗ್ಗೆ ನಾವು ತಿಳಿಯಬೇಕಾದದ್ದು

ಕಳೆದ ದಶಲಕ್ಷಣ ಪರ್ವ ಮುಗಿದ ಮೂರನೇ ದಿನದ ಮಾತು. ಭಾನುವಾರ ಅಂಗಡಿಗೆ ರಜೆ ಇರುವುದರಿಂದ ನಾನು ಊರ ಹೊರಗಿನ ಒಂದು ಪ್ರಾಣಿ ಆಶ್ರಯತಾಣಕ್ಕೆ ಸೇವೆಗೆ ಹೋಗುತ್ತೇನೆ. ಅಂದು ಬೆಳಿಗ್ಗೆ ಗೇಟಿಗೆ ಒಂದು ಲ್ಯಾಬ್ರಡಾರ್ ಹೆಣ್ಣು ನಾಯಿಯನ್ನು ಕಟ್ಟಿ ಹೋಗಿದ್ದರು. ಪಕ್ಕದಲ್ಲಿ ಅದರ ತಟ್ಟೆ, ಹಳೆಯ ಹೊದಿಕೆ ಮತ್ತು ಒಂದು ಚೀಟಿ ಇದ್ದವು. ಚೀಟಿಯಲ್ಲಿ ಎರಡೇ ಸಾಲು: "ದಯವಿಟ್ಟು ನೋಡಿಕೊಳ್ಳಿ. ಸಸ್ಯಾಹಾರಿ, ಸಂಜೆ ಆರರೊಳಗೆ ಊಟ ಹಾಕಿ."

ಅದನ್ನು ಓದಿ ನನ್ನ ಜೊತೆ ಇದ್ದ ಹುಡುಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಸೂರ್ಯಾಸ್ತದೊಳಗೆ ನಾಯಿಗೂ ಊಟ ಹಾಕುವ ಮನೆ ಎಂಥ ಮನೆ ಎಂಬುದು ನಮ್ಮಿಬ್ಬರಿಗೂ ತಿಳಿಯಿತು. ನಾಯಿ ಗಬ್ಬವಾಗಿತ್ತು. ಇಪ್ಪತ್ತು ದಿನಗಳಲ್ಲಿ ಏಳು ಮರಿ ಹಾಕಿತು. ಆಗ ಅಲ್ಲಿ ಪಾರ್ವೋ ಸೋಂಕು ಹಬ್ಬಿತ್ತು. ಏಳರಲ್ಲಿ ಉಳಿದದ್ದು ಎರಡು.

ಆ ಮನೆಯವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರಿಗೆ ದಯೆ ಇತ್ತು, ಇಲ್ಲದಿದ್ದರೆ ಹೊದಿಕೆ ಇಡುತ್ತಿರಲಿಲ್ಲ. ಅವರಿಗೆ ಇಲ್ಲದಿದ್ದದ್ದು ತಿಳಿವಳಿಕೆ. ಅದನ್ನೇ ಇಲ್ಲಿ ಒಂದೆಡೆ ಕೊಡುವ ಪ್ರಯತ್ನ ಮಾಡಿದ್ದೇನೆ.

ಜನ ಏಕೆ ಬಿಡುತ್ತಾರೆ?

ಸೇವೆಗೆ ಹೋಗುವವರಿಗೆ ಕಾರಣಗಳು ಬಾಯಿಪಾಠವಾಗಿರುತ್ತವೆ. ಮಗನಿಗೆ ವರ್ಗವಾಯಿತು, ಬಾಡಿಗೆ ಮನೆಯವರು ಒಪ್ಪುವುದಿಲ್ಲ, ಸೊಸೆ ಗರ್ಭಿಣಿ, ನಾಯಿ ದೊಡ್ಡದಾಯಿತು, ನಾಯಿಗೆ ವಯಸ್ಸಾಯಿತು, ಚರ್ಮರೋಗ ಬಂತು. ಮಕ್ಕಳ ಹಟಕ್ಕೆ ತಂದ ಹಸ್ಕಿ, ಸೇಂಟ್ ಬರ್ನಾರ್ಡ್‌ನಂತಹ ಚಳಿದೇಶದ ತಳಿಗಳು ನಮ್ಮ ಬೇಸಿಗೆಯಲ್ಲಿ ಬಳಲುತ್ತವೆ. ಅವನ್ನು ಸಾಕುವ ಖರ್ಚು ನೋಡಿ ಕೈಬಿಡುವವರೂ ಇದ್ದಾರೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಬರುವುದು ಮರಿಗಳು. "ನಮ್ಮ ನಾಯಿ ಮರಿ ಹಾಕಿದೆ, ಯಾರೂ ತೆಗೆದುಕೊಳ್ಳುತ್ತಿಲ್ಲ" ಎಂದು ರಟ್ಟಿನ ಡಬ್ಬದಲ್ಲಿ ತರುತ್ತಾರೆ. ಅದರಲ್ಲಿ ಹೆಣ್ಣು ಮರಿಗಳೇ ಹೆಚ್ಚು, ಏಕೆಂದರೆ ಗಂಡನ್ನು ಯಾರಾದರೂ ಕೇಳಿ ಒಯ್ದಿರುತ್ತಾರೆ.

ನಮ್ಮ ಮನೆಗಳಿಗೆ ಇನ್ನೊಂದು ಕಾರಣವೂ ಇದೆ, ಅದು ಆಹಾರ. ನಾಯಿಗೆ ವೈದ್ಯರ ಸಲಹೆಯಂತೆ ಸರಿಯಾಗಿ ಹೊಂದಿಸಿದ ಸಸ್ಯಾಹಾರದಲ್ಲಿ ಬದುಕಲು ಸಾಧ್ಯ. ಬೆಕ್ಕಿನ ವಿಷಯ ಹಾಗಲ್ಲ. ಅದರ ದೇಹಕ್ಕೆ ಟಾರಿನ್ ಎಂಬ ಅಂಶ ಆಹಾರದಿಂದಲೇ ಸಿಗಬೇಕು. ಅದು ಸಿಗುವುದು ಮಾಂಸಾಹಾರದಲ್ಲಿ. ಬರೀ ಹಾಲು ಅನ್ನ ಹಾಕಿದರೆ ಕಾಲಕ್ರಮೇಣ ಕಣ್ಣು, ಹೃದಯ ಎರಡೂ ಕೆಡುತ್ತವೆ. ಇದನ್ನು ಒಪ್ಪಲಾಗದ ಮನೆ ಬೆಕ್ಕನ್ನು ತರಲೇಬಾರದು. ತಂದ ಮೇಲೆ ಧರ್ಮಸಂಕಟವೆಂದು ಬೀದಿಗೆ ಬಿಡುವುದು ಎರಡು ಬಾರಿ ತಪ್ಪು ಮಾಡಿದಂತೆ.

ಬಿಟ್ಟ ಮೇಲೆ ಆಗುವುದೇನು?

"ಬೀದಿಯಲ್ಲಿ ಅಷ್ಟು ನಾಯಿ ಬದುಕುತ್ತವೆ, ಇದೂ ಬದುಕುತ್ತದೆ" ಎಂಬುದು ತಪ್ಪು ಲೆಕ್ಕ. ಪ್ರತಿ ಬೀದಿಯ ನಾಯಿಗಳಿಗೂ ತಮ್ಮದೇ ಗಡಿ ಇರುತ್ತದೆ. ಹೊಸ ನಾಯಿ ಬಂದರೆ ಕಚ್ಚಿ ಓಡಿಸುತ್ತವೆ. ಮನೆಯಲ್ಲಿ ಬೆಳೆದ ನಾಯಿಗೆ ವಾಹನದ ಭಯ ಗೊತ್ತಿಲ್ಲ, ಆಹಾರ ಹುಡುಕಿ ತಿನ್ನಲು ಬರುವುದಿಲ್ಲ. ಬಿಟ್ಟ ಜಾಗದಲ್ಲೇ ದಿನಗಟ್ಟಲೆ ಕೂತು ಯಜಮಾನರ ಗಾಡಿಯ ಸದ್ದಿಗೆ ಕಾಯುವ ನಾಯಿಗಳನ್ನು ನಾನೇ ಕಂಡಿದ್ದೇನೆ.

ಆಶ್ರಯತಾಣಕ್ಕೆ ಬಿಟ್ಟರೂ ಕಥೆ ಬಹಳ ಬೇರೆಯಲ್ಲ. ಒಂದು ನಾಯಿಗೆ ಮಾಡಿದ ಜಾಗದಲ್ಲಿ ಮೂರು ಇರುತ್ತವೆ. ಜಗಳ, ಗಾಯ ತಪ್ಪುವುದಿಲ್ಲ. ಡಿಸ್ಟೆಂಪರ್, ಪಾರ್ವೋದಂತಹ ಸೋಂಕು ಒಂದಕ್ಕೆ ಬಂದರೆ ಲಸಿಕೆಯಾಗದ ಮರಿಗಳಿಗೆಲ್ಲ ಹರಡುತ್ತದೆ. ಸಾಕಿದ ನಾಯಿ ಮೊದಲ ವಾರ ಊಟ ಬಿಡುವುದು ಸಾಮಾನ್ಯ. ನಾವು ಕೊಡುವ ದೇಣಿಗೆಯ ದೊಡ್ಡ ಪಾಲು ಹೀಗೆ ಹೊಸದಾಗಿ ಬಂದವುಗಳ ಚಿಕಿತ್ಸೆಗೇ ಹೋಗುತ್ತದೆ. ಇದ್ದವುಗಳಿಗೆ ಶೆಡ್ ಹಾಕಲು ಏನೂ ಉಳಿಯುವುದಿಲ್ಲ.

ಪಾಂಜರಾಪೋಳದ ಪಾಠ

ಜೀವಿಗಳಿಗೆ ಆಶ್ರಯ ಕೊಡುವುದು ನಮ್ಮ ಸಮಾಜಕ್ಕೆ ಹೊಸದಲ್ಲ. 1832ರಲ್ಲಿ ಮುಂಬೈಯಲ್ಲಿ ಬ್ರಿಟಿಷ್ ಆಡಳಿತ ಬೀದಿ ನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರ್ಸಿಗಳು ಮುಂದಾಗಿ, ಹಿಂದೂ ಮತ್ತು ಜೈನ ವ್ಯಾಪಾರಿಗಳೂ ಸೇರಿ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಎರಡು ವರ್ಷಗಳ ನಂತರ, 1834ರಲ್ಲಿ, ಸರ್ ಜಮ್‌ಶೆಟ್‌ಜಿ ಜೀಜೀಭಾಯಿ ಮತ್ತು ಜೈನ ಶ್ರೇಷ್ಠಿ ಮೋತಿಚಂದ್ ಅಮೀಚಂದ್ ಸೇರಿ ಮುಂಬೈ ಪಾಂಜರಾಪೋಳವನ್ನು ಕಟ್ಟಿದರು. ಅದು ಇಂದಿಗೂ ಇದೆ, ಈಗ ಅಲ್ಲಿ ಮುಖ್ಯವಾಗಿ ಹಸುಗಳಿವೆ.

ಆ ಹಿರಿಯರು ಮಾಡಿದ್ದು ದೊಡ್ಡ ಕೆಲಸ. ಆದರೆ ಅಂದು ಶಸ್ತ್ರಚಿಕಿತ್ಸೆಯ ದಾರಿ ಇರಲಿಲ್ಲ, ಜಾಗ ಕೊಡುವುದೊಂದೇ ದಾರಿ. ಇಂದು ಎಷ್ಟು ಜಾಗ ಕೊಟ್ಟರೂ ಸಾಲದು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 1.53 ಕೋಟಿ ಬೀದಿ ನಾಯಿಗಳಿದ್ದವು. ಇವನ್ನೆಲ್ಲ ಕೂಡಿಹಾಕುವಷ್ಟು ಕಟ್ಟಡ ಯಾವ ದಾನಿಯೂ ಕಟ್ಟಿಸಲಾರ. ನಲ್ಲಿ ಹರಿಯುತ್ತಿರುವಾಗ ನೆಲ ಒರೆಸುತ್ತ ಕೂತರೆ ಪ್ರಯೋಜನವಿಲ್ಲ. ಮೊದಲು ನಲ್ಲಿ ತಿರುಗಿಸಬೇಕು.

ಸಂತಾನಹರಣ ಎಂದರೇನು?

ಹೆಣ್ಣಿಗೆ ಅರಿವಳಿಕೆ ಕೊಟ್ಟು ಅಂಡಾಶಯ ಮತ್ತು ಗರ್ಭಕೋಶವನ್ನು ತೆಗೆಯುತ್ತಾರೆ. ಗಂಡಿಗೆ ವೃಷಣಗಳನ್ನು ತೆಗೆಯುತ್ತಾರೆ. ಇದು ಪಶುವೈದ್ಯರು ದಿನನಿತ್ಯ ಮಾಡುವ ಶಸ್ತ್ರಚಿಕಿತ್ಸೆ.

ಲೆಕ್ಕ ಹೀಗಿದೆ. ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಒಂದು ಸೂಲಿಗೆ ನಾಲ್ಕರಿಂದ ಆರು ಮರಿ ಸಾಮಾನ್ಯ, ದೊಡ್ಡ ತಳಿಗಳಲ್ಲಿ ಇನ್ನೂ ಹೆಚ್ಚು. ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ವರ್ಷಕ್ಕೆ ಎರಡು ಮೂರು ಸೂಲು ಹಾಕಬಹುದು. ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಬಹುಪಾಲು ವರ್ಷ ತುಂಬುವ ಮೊದಲೇ ಹಸಿವು, ರೋಗ, ಅಪಘಾತದಲ್ಲಿ ಸಾಯುತ್ತವೆ. ಉಳಿದ ಕೆಲವೇ ಮತ್ತೆ ಮರಿ ಹಾಕಿ ಸಂಖ್ಯೆ ಏರುತ್ತದೆ.

ಆರೋಗ್ಯದ ಲಾಭವೂ ಇದೆ. ಮರಿ ಹಾಕದೆ ವಯಸ್ಸಾದ ಹೆಣ್ಣು ನಾಯಿಗಳಲ್ಲಿ ಗರ್ಭಕೋಶದೊಳಗೆ ಕೀವು ತುಂಬುವ ರೋಗ ಬರುತ್ತದೆ, ಕೂಡಲೇ ಚಿಕಿತ್ಸೆ ಆಗದಿದ್ದರೆ ಜೀವಕ್ಕೇ ಅಪಾಯ. ಗರ್ಭಕೋಶ ತೆಗೆದ ಮೇಲೆ ಆ ಭಯವಿಲ್ಲ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮೊಲೆಯ ಗೆಡ್ಡೆಯ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಗಂಡು ನಾಯಿಗೆ ವೃಷಣದ ಗೆಡ್ಡೆ ಬರುವುದಿಲ್ಲ, ಹೆಣ್ಣಿನ ವಾಸನೆಗೆ ಬೇಲಿ ಹಾರಿ ಓಡುವುದೂ ಕಡಿಮೆಯಾಗುತ್ತದೆ. "ಒಂದು ಸಲವಾದರೂ ಮರಿ ಹಾಕಿದರೆ ಒಳ್ಳೆಯದು" ಎಂಬ ಮಾತಿಗೆ ವೈದ್ಯಕೀಯದಲ್ಲಿ ಆಧಾರವಿಲ್ಲ. ಮೈ ಬರುವುದು ಮಾತ್ರ ನಿಜ, ಊಟ ಸ್ವಲ್ಪ ಕಡಿಮೆ ಮಾಡಿ ದಿನವೂ ನಡೆಸಬೇಕು.

ಇದು ಹಿಂಸೆಯಲ್ಲವೇ?

ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಛೇದ ಎಂದರೆ ಅಂಗವನ್ನು ಕತ್ತರಿಸುವುದು. ಶ್ವೇತಾಂಬರ ಪರಂಪರೆಯಲ್ಲಿ ಶ್ರಾವಕರು ಮಾಡಬಾರದ ಹದಿನೈದು ಬಗೆಯ ವೃತ್ತಿಗಳಲ್ಲಿ, ಅಂದರೆ ಕರ್ಮಾದಾನಗಳಲ್ಲಿ, ಪ್ರಾಣಿಗಳ ಬೀಜ ಒಡೆಯುವ ನಿರ್ಲಾಂಛನ ಕರ್ಮವೂ ಒಂದು.

ಹಲವು ವರ್ಷ ನಾನೂ ಇದನ್ನೇ ಹೇಳಿ ವಿರೋಧಿಸುತ್ತಿದ್ದೆ. ನಮ್ಮ ಕಿರಾಣಿ ಗೋಡೌನಿಗೆ ತಾನಾಗಿ ಬಂದು ಸೇರಿದ ಒಂದು ಬೆಕ್ಕು ಇತ್ತು. ಎರಡು ವರ್ಷದಲ್ಲಿ ನಾಲ್ಕು ಸಲ ಮರಿ ಹಾಕಿತು. ಮರಿಗಳನ್ನು ಮಾರ್ಕೆಟ್ ಯಾರ್ಡಿನ ಬೇರೆ ಬೇರೆ ಗೋಡೌನುಗಳ ಬಳಿ ಇಟ್ಟು ಬಂದೆ. ಯಾರಾದರೂ ಕೇಳಿದರೆ "ಕೊಟ್ಟೆ" ಎನ್ನುತ್ತಿದ್ದೆ. ಒಮ್ಮೆ ನನ್ನ ಮೊಮ್ಮಗಳು, "ಯಾರಿಗೆ ಕೊಟ್ಟಿರಿ ತಾತ?" ಎಂದಳು. ಹೆಸರು ಹೇಳಲು ಒಬ್ಬರೂ ಇರಲಿಲ್ಲ. ಹದಿನಾರು ಹದಿನೇಳು ಮರಿಗಳಲ್ಲಿ ಒಂದಾದರೂ ಬದುಕಿದೆಯೇ ಎಂದು ಹೇಳಲು ನನಗೆ ಇಂದಿಗೂ ಆಗುವುದಿಲ್ಲ. ಛೇದ ಬೇಡವೆಂದು ಕೂತವನು ಅನ್ನಪಾನನಿರೋಧವನ್ನು ಹದಿನೇಳು ಸಲ ಮಾಡಿದ್ದೆ.

ನಾನು ಪಂಡಿತನಲ್ಲ. ತೀರ್ಪು ಕೊಡುವ ಅಧಿಕಾರ ನನಗಿಲ್ಲ, ಸಂಶಯವಿದ್ದವರು ತಮ್ಮ ಗುರುಗಳನ್ನು ಕೇಳಬೇಕು. ಆದರೆ ವಿಚಾರ ಮಾಡಲು ಮೂರು ಮಾತು ಮುಂದಿಡುತ್ತೇನೆ.

ಒಂದು, ಕರ್ಮಾದಾನಗಳು ಹೊಟ್ಟೆಪಾಡಿನ ವೃತ್ತಿಗಳ ಪಟ್ಟಿ. ಎತ್ತಿನಿಂದ ಹೆಚ್ಚು ದುಡಿಸಿಕೊಳ್ಳಲು, ಅರಿವಳಿಕೆಯಿಲ್ಲದೆ ಬೀಜ ಒಡೆಯುವುದಕ್ಕೂ ಆ ಜೀವದ ಹಿತಕ್ಕಾಗಿ ನೋವಾಗದಂತೆ ಮಾಡುವ ಚಿಕಿತ್ಸೆಗೂ ಭಾವದಲ್ಲಿ ವ್ಯತ್ಯಾಸವಿಲ್ಲವೇ?

ಎರಡು, ಗಬ್ಬವಾದ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಗರ್ಭದ ಜೀವಗಳು ಹೋಗುತ್ತವೆ. ಇದು ನಮಗೆ ಸಲ್ಲದು. ಆದ್ದರಿಂದ ಮೊದಲೇ ಗರ್ಭ ಪರೀಕ್ಷೆ ಮಾಡಿಸಿ. ಗಬ್ಬವಾಗಿದ್ದರೆ ಹೆರಿಗೆಯಾಗಿ ಮರಿಗಳು ಹಾಲು ಬಿಟ್ಟ ನಂತರ ಮಾಡುವಂತೆ ವೈದ್ಯರಿಗೆ ಸ್ಪಷ್ಟವಾಗಿ ಹೇಳಿ.

ಮೂರು, ಯಾವ ಕಾರಣಕ್ಕೂ ಶಸ್ತ್ರಚಿಕಿತ್ಸೆ ಒಪ್ಪಲಾಗದವರಿಗೂ ದಾರಿ ಇದೆ. ಬೆದೆಯ ಮೂರು ವಾರ ಹೆಣ್ಣನ್ನು ಮನೆಯೊಳಗೇ ಕಾಪಾಡಬೇಕು, ಇಲ್ಲವೇ ಈಗಾಗಲೇ ಸಂತಾನಹರಣವಾದ ಪ್ರಾಣಿಯನ್ನು ದತ್ತು ಪಡೆಯಬೇಕು, ಇಲ್ಲವೇ ಸಾಕದೇ ಇರಬೇಕು. ಮರಿ ಹಾಕಿಸಿ ಬೀದಿಗೆ ಬಿಡುವುದು ಮಾತ್ರ ಅಹಿಂಸೆಯ ದಾರಿಯಲ್ಲ.

ಕಾನೂನು ಏನು ಹೇಳುತ್ತದೆ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ, ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟುಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ ಹೆಚ್ಚೆಂದರೆ 50 ರೂಪಾಯಿ. ದಂಡ ಇಷ್ಟು ಚಿಕ್ಕದಾದದ್ದರಿಂದಲೇ ಯಾರಿಗೂ ಭಯವಿಲ್ಲ.

2001ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಬದಲಿಗೆ 2023ರಲ್ಲಿ ಹೊಸ ನಿಯಮಗಳು ಬಂದವು. ಅವುಗಳ ಪ್ರಕಾರ ಸಾಕುಪ್ರಾಣಿಯ ಲಸಿಕೆ, ಸಂತಾನಹರಣ ಯಜಮಾನರ ಹೊಣೆ. ಬೀದಿ ನಾಯಿಗಳದ್ದು ಸ್ಥಳೀಯ ಸಂಸ್ಥೆಯ ಹೊಣೆ. ಹಿಡಿದ ನಾಯಿಗೆ ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಕಿವಿಯ ಅಂಚಿನಲ್ಲಿ ಸಣ್ಣ ಕತ್ತರಿ ಗುರುತು ಇದ್ದರೆ ಅದಕ್ಕೆ ಸಂತಾನಹರಣವಾಗಿದೆ ಎಂದರ್ಥ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಇದೇ ಕ್ರಮವನ್ನು ಎತ್ತಿಹಿಡಿದು, ರೇಬೀಸ್ ತಗಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಹೊರತುಪಡಿಸಿತು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂತಹ ಆವರಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡದೆ ಆಶ್ರಯತಾಣದಲ್ಲಿ ಇಡುವಂತೆ ಹೇಳಿತು. ಅಂದರೆ ಆಶ್ರಯತಾಣಗಳ ಮೇಲೆ ಒತ್ತಡ ಇನ್ನೂ ಹೆಚ್ಚಲಿದೆ. ನಾವು ಸಾಕಿದ್ದನ್ನೂ ಅಲ್ಲಿಗೇ ತಂದು ಬಿಟ್ಟರೆ ಜಾಗವೆಲ್ಲಿ?

ಈ ಕ್ರಮದಿಂದ ಫಲವಿದೆಯೇ ಎಂದು ಕೇಳುವವರಿಗೆ ಬೆಂಗಳೂರಿನ ಉದಾಹರಣೆ ಇದೆ. ಪಾಲಿಕೆಯ ಸಮೀಕ್ಷೆಯಂತೆ 2019ರಲ್ಲಿ ಅಲ್ಲಿ ಸುಮಾರು 3.10 ಲಕ್ಷ ಬೀದಿ ನಾಯಿಗಳಿದ್ದರೆ 2023ರಲ್ಲಿ ಸುಮಾರು 2.79 ಲಕ್ಷ. ಇಳಿಕೆ ನಿಧಾನ, ಆದರೂ ನಗರ ಬೆಳೆಯುತ್ತಿರುವಾಗ ಸಂಖ್ಯೆ ಇಳಿಯಿತು ಎಂಬುದು ಮುಖ್ಯ.

ಮನೆಯಲ್ಲಿ ಮಾಡಬೇಕಾದದ್ದು

• ವಯಸ್ಸು: ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ. ದೊಡ್ಡ ತಳಿಗಳಿಗೆ ಸ್ವಲ್ಪ ತಡ ಮಾಡುವಂತೆ ವೈದ್ಯರು ಹೇಳಬಹುದು. ಮೊದಲು ಲಸಿಕೆಗಳು ಪೂರ್ಣವಾಗಿರಲಿ.
• ಎಲ್ಲಿ: ಪಶುವೈದ್ಯರ ಬಳಿ ವಿಚಾರಿಸಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿನ ಆಸ್ಪತ್ರೆಗಳಲ್ಲೂ ಕೇಳಬಹುದು.
• ಹಿಂದಿನ ರಾತ್ರಿ: ಅರಿವಳಿಕೆ ಕೊಡುವುದರಿಂದ ವೈದ್ಯರು ಹೇಳಿದ ಹೊತ್ತಿನಿಂದ ಆಹಾರ ಕೊಡಬೇಡಿ.
• ನಂತರ: ಹತ್ತರಿಂದ ಹದಿನಾಲ್ಕು ದಿನ ಓಟ, ಜಿಗಿತ, ಸ್ನಾನ ಬೇಡ. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಕಾಲರ್ ಹಾಕಿ. ಗಾಯ ಊದಿದರೆ, ಸೋರಿದರೆ, ಊಟ ಬಿಟ್ಟರೆ ಕೂಡಲೇ ತೋರಿಸಿ.
• ಗಂಡಿಗೆ: ಶಸ್ತ್ರಚಿಕಿತ್ಸೆಯಾದ ಮೇಲೂ ಕೆಲವು ವಾರ ಗರ್ಭ ಕಟ್ಟಿಸುವ ಶಕ್ತಿ ಇರುತ್ತದೆ. ಅಲ್ಲಿಯವರೆಗೆ ಹೆಣ್ಣಿನಿಂದ ದೂರವಿಡಿ.
• ಸಾಕಲಾಗದ ಸ್ಥಿತಿ ಬಂದರೆ: ರಾತ್ರೋರಾತ್ರಿ ಗೇಟಿಗೆ ಕಟ್ಟಬೇಡಿ. ಮೊದಲು ಸಂತಾನಹರಣ, ಲಸಿಕೆ ಮಾಡಿಸಿ, ನೆಂಟರಿಷ್ಟರಲ್ಲಿ ಹುಡುಕಿ ಹೊಸ ಮನೆಗೆ ಒಪ್ಪಿಸಿ. ಒಂದೆರಡು ತಿಂಗಳಾದರೂ ಹೋಗಿ ನೋಡಿ ಬನ್ನಿ.

ಸಮಾಜ ಮಾಡಬಹುದಾದದ್ದು

ಪ್ರತಿ ಪರ್ವದಲ್ಲೂ ನಾವು ಜೀವದಯಾ ನಿಧಿಗೆ ಕೊಡುತ್ತೇವೆ. ಗೋಶಾಲೆಗೆ ಮೇವು, ಪಕ್ಷಿಗಳಿಗೆ ಕಾಳು ಎಂದು ಅದು ಹೋಗುತ್ತದೆ, ಹೋಗಲಿ. ಅದರಲ್ಲಿ ಒಂದು ಪಾಲನ್ನು ಬಡ ಮನೆಗಳ ನಾಯಿ ಬೆಕ್ಕುಗಳ ಲಸಿಕೆ ಮತ್ತು ಸಂತಾನಹರಣಕ್ಕೆ ಇಡಬಹುದು. ಒಪ್ಪದವರು ಲಸಿಕೆಗೆ ಮಾತ್ರ ಕೊಡಲಿ, ಅದೂ ಪುಣ್ಯವೇ. ಪಾಠಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಆಶ್ರಯತಾಣಕ್ಕೆ ಕರೆದೊಯ್ಯಿರಿ. ಅಲ್ಲಿ ಒಂದು ಗಂಟೆ ಇದ್ದ ಮಗು ಮರಿ ಬೇಕೆಂದು ಹಟ ಹಿಡಿಯುವ ಮುನ್ನ ಎರಡು ಸಲ ಯೋಚಿಸುತ್ತದೆ.

ಆ ಲ್ಯಾಬ್ರಡಾರ್ ಈಗಲೂ ಅಲ್ಲೇ ಇದೆ. ಮರಿಗಳು ಹಾಲು ಬಿಟ್ಟ ಮೇಲೆ ಅದಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಉಳಿದ ಎರಡು ಮರಿಗಳು ಎರಡು ಮನೆ ಸೇರಿವೆ, ಇಬ್ಬರ ಹೆಸರೂ ನನಗೆ ಗೊತ್ತಿದೆ. ತಾಯಿಗೆ ಸಂಜೆ ಆರರೊಳಗೇ ಊಟ ಹಾಕುತ್ತಿದ್ದೇವೆ. ಆ ಚೀಟಿ ಬರೆದವರು ಇದನ್ನು ಓದುತ್ತಿದ್ದರೆ ಒಮ್ಮೆ ಬಂದು ನೋಡಿ, ಯಾರೂ ಏನೂ ಕೇಳುವುದಿಲ್ಲ.

ಜೈ ಜಿನೇಂದ್ರ.