ಪ್ರಮಾಣದ ಪ್ರಶ್ನೆ: ಬಳ್ಳಾರಿ–ಮಡಕಶಿರ ಗಡಿಸೀಮೆಯ ಕ್ರೈಸ್ತ ಚರಿತ್ರೆಯಲ್ಲಿ ವೇದ ಮತ್ತು ಅನುಭವ

ಕನ್ನಡದಲ್ಲಿ ಬೈಬಲ್ಲಿಗೆ ‘ಸತ್ಯವೇದ’ ಎಂಬ ಹೆಸರು ನೆಲೆನಿಂತಿದೆ. ತೆಲುಗಿನಲ್ಲಿ ಅದೇ ಪುಸ್ತಕದ ಹೊದಿಕೆಯ ಮೇಲೆ ಇಂದು ಸಾಮಾನ್ಯವಾಗಿ ಕಾಣುವುದು ‘ಪರಿಶುದ್ಧ ಗ್ರಂಥಮು’ ಎಂಬ ಮಾತು. ಒಂದು ವೇದ, ಇನ್ನೊಂದು ಗ್ರಂಥ. ಮನೆಯಲ್ಲಿ ಕನ್ನಡವೂ ಕಚೇರಿಯಲ್ಲಿ ತೆಲುಗೂ ನಡೆಯುವ ಮಡಕಶಿರ, ರಾಯದುರ್ಗಗಳಂಥ ಊರುಗಳಲ್ಲಿ ನಿಂತು ನೋಡಿದರೆ ಈ ವ್ಯತ್ಯಾಸವನ್ನು ಅನುವಾದಕರ ಆಯ್ಕೆಯೆಂದು ಬದಿಗಿಡಲು ಮನಸ್ಸು ಬಾರದು. ಗ್ರಂಥವೆಂದರೆ ಓದುವ ವಸ್ತು. ವೇದವೆಂದರೆ ಒಪ್ಪಬೇಕಾದ ಪ್ರಮಾಣ. ಆದರೆ ಕನ್ನಡದ ಸಾಹಿತ್ಯಸ್ಮೃತಿಯಲ್ಲಿ ಆ ಪ್ರಮಾಣಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಮಾತಿದೆ, ಅನುಭವ. ಹನ್ನೆರಡನೆಯ ಶತಮಾನದ ವಚನಕಾರರಿಂದೀಚೆಗೆ ವೇದಶಾಸ್ತ್ರಗಳನ್ನು ಅನುಭವದ ಒರೆಗೆ ಹಚ್ಚಿ ನೋಡುವುದು ಕನ್ನಡದ ರೂಢಿಗಳಲ್ಲೊಂದು. ತನ್ನ ಪುಸ್ತಕವನ್ನು ‘ವೇದ’ವೆಂದು ಕರೆದ ಪಾದ್ರಿಯು ತಾನರಿಯದೆ ಒಂದು ಹಳೆಯ ವಾಗ್ವಾದದ ನಡುವೆ ಬಂದು ನಿಂತಿದ್ದನು.

ಯುರೋಪಿನ ಕ್ರೈಸ್ತ ಚರಿತ್ರೆಯಲ್ಲಿ ಪವಿತ್ರಗ್ರಂಥ, ಸಭೆಯ ಸಂಪ್ರದಾಯ ಮತ್ತು ವ್ಯಕ್ತಿಯ ಅನುಭವ ಎಂಬ ಮೂರು ಪ್ರಮಾಣಗಳ ಜಗಳ ದೀರ್ಘವಾದದ್ದು. ಸುಧಾರಣಾ ಚಳವಳಿಯು ಸಂಪ್ರದಾಯದ ಮೇಲೆ ಗ್ರಂಥವನ್ನು ನಿಲ್ಲಿಸಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ಹುಟ್ಟಿದ ಪೈಯಟಿಸಂ ಮತ್ತು ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ವೆಸ್ಲಿಯ ಚಳವಳಿಗಳು ಗ್ರಂಥದ ಓದು ಹೃದಯದ ಅನುಭವವಾಗಿ ಪರಿಣಮಿಸಬೇಕೆಂದು ಒತ್ತಾಯಿಸಿದವು. ಈ ವಿಭಜನೆಯನ್ನು ಹಾಗೆಯೇ ತಂದು ನಮ್ಮ ಸೀಮೆಯ ಮತಾಂತರಗಳಿಗೆ ಅನ್ವಯಿಸುವ ಬರಹಗಳು ಬಹಳ. ಅದು ಇಲ್ಲಿ ಹೊಂದುವುದಿಲ್ಲವೆಂಬುದು ನನ್ನ ವಾದ. ಇಲ್ಲಿ ಮಿಷನರಿಯು ‘ಅನುಭವ’ವೆಂದು ಕರೆದದ್ದು ನಿಯಮಬದ್ಧವಾದ ಒಂದು ಬರಹದ ಸಂಪ್ರದಾಯವಾಗಿತ್ತು, ಅವನು ‘ಸಂಪ್ರದಾಯ’ವೆಂದು ತಳ್ಳಿದ್ದು ಎಷ್ಟೋ ಸಲ ಜನರನ್ನು ಅವನ ಬಾಗಿಲಿಗೆ ಕರೆತಂದಿತ್ತು.

ಸೀಮೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲಗಳಲ್ಲಿ ಬಳ್ಳಾರಿ ಮುಖ್ಯ ಕೇಂದ್ರವಾಯಿತು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ರಚಿಸಿದಾಗ ಮಡಕಶಿರ ಅದಕ್ಕೆ ಸೇರಿತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಬಂದರೂ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. 2022ರಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಕ್ರೈಸ್ತ ಮಿಷನ್ನುಗಳ ಭೂಪಟ ಮಾತ್ರ ಬೇರೆಯೇ. ಉತ್ತರಕ್ಕೆ ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಷನ್, ದಕ್ಷಿಣಕ್ಕೆ ಗುಬ್ಬಿ, ತುಮಕೂರುಗಳಲ್ಲಿ ವೆಸ್ಲಿಯನ್ ಮಿಷನ್, ಇನ್ನೂ ಹಿಂದೆ ಕರ್ನಾಟಿಕ್ ಮಿಷನ್ ಎಂಬ ಹೆಸರಿನ ಫ್ರೆಂಚ್ ಜೆಸ್ವಿಟರ ಓಡಾಟ. ಗ್ರಂಥ, ಅನುಭವ, ಸಂಪ್ರದಾಯ ಎಂಬ ಮೂರು ಒಲವುಗಳೂ ಈ ಸೀಮೆಯನ್ನು ಸುತ್ತುವರಿದಿದ್ದವೆಂದರೆ ತಪ್ಪಾಗದು.

ಮೊದಲು ಹೆಸರಿನ ವಿಚಾರ. ‘ಸತ್ಯವೇದ’ವೆಂಬ ಪದ ಪ್ರೊಟೆಸ್ಟಂಟರು ಹೊಸದಾಗಿ ಟಂಕಿಸಿದ್ದಲ್ಲ. ಮಧುರೆಯ ರಾಬರ್ಟ್ ಡಿ ನೊಬಿಲಿಯ ಕಾಲದಿಂದ ತಮಿಳು ಕಥೋಲಿಕರ ಬಳಕೆಯಲ್ಲಿ ‘ವೇದ’ವೆಂದರೆ ಪುಸ್ತಕವಲ್ಲ, ಮತ, ‘ಸತ್ಯವೇದ’ವೆಂದರೆ ನಿಜಮತ, ‘ವೇದಕ್ಕಾರರ್’ ಎಂದರೆ ಆ ಮತದವರು. ಅಂದರೆ ಆ ಮಾತು ಮೊದಲು ಒಂದು ಬಾಳುವೆಯನ್ನು, ಅದರ ಪೂಜೆ, ಹಬ್ಬ, ಉಪವಾಸಗಳನ್ನೆಲ್ಲ ಒಳಗೊಂಡಿತ್ತು. ಕನ್ನಡದಲ್ಲಿ ಅದು ಒಂದು ಮುದ್ರಿತ ಸಂಪುಟದ ಹೆಸರಾಗಿ ಕುಗ್ಗಿತು. ಆ ಕುಗ್ಗುವಿಕೆಯಲ್ಲಿಯೇ ಒಂದು ದೇವತಾಶಾಸ್ತ್ರವಿದೆ.

ಆ ಸಂಪುಟ ಸಿದ್ಧವಾದದ್ದು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರ ದುಡಿಮೆಯಿಂದ. ಪೂರ್ಣ ಕನ್ನಡ ಬೈಬಲ್ಲು ಹೊರಬಂದದ್ದು 1831ರಲ್ಲಿ. ನಿಘಂಟುಕಾರನಾಗಿ ನಮಗೆ ಪರಿಚಿತನಾದ ವಿಲಿಯಂ ರೀವ್ ಇದೇ ಬಳ್ಳಾರಿಯ ಬಳಗದವನು. ಪುಸ್ತಕವನ್ನು ಓದುಗನ ಕೈಗೆ ಕೊಟ್ಟರೆ ಸಾಕು, ಉಳಿದದ್ದನ್ನು ಅದೇ ಮಾಡುತ್ತದೆಂಬುದು ಇವರ ನಂಬಿಕೆ. ಈ ನಂಬಿಕೆಗೆ ಅತ್ಯಂತ ಕಟುವಾದ ವಿರೋಧ ಬಂದದ್ದು ಬ್ರಾಹ್ಮಣ ಪಂಡಿತರಿಂದಲ್ಲ, ಮೈಸೂರು ಸೀಮೆಯಲ್ಲಿ ಬಹುಕಾಲ ಬಾಳಿದ ಫ್ರೆಂಚ್ ಕಥೋಲಿಕ ಪಾದ್ರಿ ಅಬ್ಬೆ ದುಬಾಯ್‌ನಿಂದ. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಭಾರತದ ಕ್ರೈಸ್ತ ಸ್ಥಿತಿಗತಿಗಳನ್ನು ಕುರಿತ ತನ್ನ ಪತ್ರಗಳಲ್ಲಿ ಅವನು ದೇಶಭಾಷೆಗಳ ಬೈಬಲ್ ಅನುವಾದಗಳೆಲ್ಲ ವ್ಯರ್ಥವೆಂದೂ ಅಪಾಯಕಾರಿಯೆಂದೂ ಬರೆದನು. ಮರುವರ್ಷವೇ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮೊದಲಾದ ಪ್ರೊಟೆಸ್ಟಂಟರು ಉತ್ತರ ಕೊಟ್ಟರು. ಆ ಉತ್ತರಗಳು ಬಿಸಿಯಾಗಿವೆ. ಆದರೆ ದುಬಾಯ್ ಎತ್ತಿದ ಪ್ರಶ್ನೆಯ ಮರ್ಮವನ್ನು ಅವು ಮುಟ್ಟಿದಂತೆ ನನಗೆ ತೋರುವುದಿಲ್ಲ.

ಅವನ ಪತ್ರಗಳಲ್ಲಿ ಒಂದು ಸಣ್ಣ ಪ್ರಸಂಗವಿದೆ. ದಾರಿತಪ್ಪಿದ ಮಗನ ಸಾಮ್ಯವನ್ನು ಅವನು ಬೋಧಿಸಿದನು. ಮಗ ಮರಳಿ ಬಂದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸುತ್ತಾನೆಂಬ ಮಾತು ಅದರಲ್ಲಿ ಬರುತ್ತದೆ. ಬೋಧನೆ ಮುಗಿದ ಬಳಿಕ ಅವನದೇ ಸಭೆಯ ಕೆಲವರು ಬಂದು, ಹೊರಗಿನವರು ಕೇಳಿದರೆ ನಮ್ಮನ್ನು ಹೀನವಾಗಿ ಕಾಣುವರು, ಇನ್ನೊಮ್ಮೆ ಈ ಕಥೆ ಹೇಳುವಾಗ ಕರುವಿನ ಬದಲು ಕುರಿಮರಿಯೆನ್ನಿ ಎಂಬರ್ಥದ ಸಲಹೆ ಕೊಟ್ಟರಂತೆ. ದುಬಾಯ್ ಇದನ್ನು ತನ್ನ ವಾದಕ್ಕೆ ಸಾಕ್ಷ್ಯವಾಗಿ ಬಳಸಿದನು: ಬೋಧಕನ ಬಾಯಲ್ಲಿಯೇ ಹೀಗಾದರೆ, ವ್ಯಾಖ್ಯಾನವಿಲ್ಲದ ಬರಿಯ ಪುಸ್ತಕ ಏನು ಮಾಡೀತು? ಅದನ್ನು ಬೇರೊಂದು ಬಗೆಯಲ್ಲಿಯೂ ಓದಬಹುದು. ಆ ಕೇಳುಗರು ಗ್ರಂಥವನ್ನು ತಿರಸ್ಕರಿಸಲಿಲ್ಲ, ಸಭೆಯನ್ನು ಬಿಡಲೂ ಇಲ್ಲ. ಜಾತಿವಂತರ ನಡುವೆ ಅಲ್ಪಸಂಖ್ಯಾತರಾಗಿ ಬಾಳುವ ತಮ್ಮ ದಿನದಿನದ ಅನುಭವವನ್ನು ಪ್ರಮಾಣವಾಗಿಟ್ಟು ವಾಕ್ಯವನ್ನು ತಿದ್ದಲು ಹೊರಟರು. ತಂದೆಯ ಸಂತೋಷ ಉಳಿಯಬೇಕು, ಅದು ಕೇಳುವವನ ಕಿವಿಯಲ್ಲಿ ಹೇಸಿಗೆಯಾಗಬಾರದು. ಅನುವಾದಶಾಸ್ತ್ರದಲ್ಲಿ ನಾವು ಇಂದು ದೊಡ್ಡ ಹೆಸರಿಟ್ಟು ಚರ್ಚಿಸುವ ವಿಚಾರವೇ ಇದು. ಮುದ್ರಿತ ಕನ್ನಡ ಸತ್ಯವೇದದಲ್ಲಿ ಕರು ಕರುವಾಗಿಯೇ ಉಳಿಯಿತು.

ಇಲ್ಲಿ ‘ಅನುಭವ’ವೆಂದರೆ ಒಳಗಿನ ಭಾವಾವೇಶವಲ್ಲವೆಂಬುದನ್ನು ಗಮನಿಸಬೇಕು. ಮಿಷನರಿಗಳು ಆ ಮಾತಿನಿಂದ ಅಪೇಕ್ಷಿಸಿದ್ದು ಬೇರೆ. ಲಂಡನ್ ಮಿಷನ್ನಿಗೆ ಸೇರಬಯಸುವ ಅಭ್ಯರ್ಥಿಯು ತನ್ನ ಮನಃಪರಿವರ್ತನೆಯನ್ನೂ ಕರೆಯನ್ನೂ ಕುರಿತ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರಿಸಬೇಕಿತ್ತು. ಬಾಸೆಲ್ ಮಿಷನ್ನಿನ ಶಾಲೆಗೆ ಸೇರುವವನು ತನ್ನ ಬಾಳಿನ ಕಥೆಯನ್ನು ಬರೆದು ಒಪ್ಪಿಸಬೇಕಿತ್ತು. ಆ ಕಥೆಗಳಿಗೆ ಒಂದು ಹದವಾದ ಅಚ್ಚು: ಭಕ್ತೆಯಾದ ತಾಯಿ, ದಾರಿತಪ್ಪಿದ ಹರೆಯ, ರೋಗವೋ ಸಾವೋ ತಂದ ಭಯ, ಪಾಪದ ಅರಿವು, ಶಾಂತಿ. ವೆಸ್ಲಿಯನ್ನರಲ್ಲಿ ವಾರಕ್ಕೊಮ್ಮೆ ಸಣ್ಣ ಗುಂಪು ಕೂಡಿ ತಂತಮ್ಮ ಆತ್ಮದ ಸ್ಥಿತಿಯನ್ನು ನಿವೇದಿಸುವ ಪದ್ಧತಿಯಿತ್ತು. 1738ರ ಮೇ 24ರ ಸಂಜೆ ಲಂಡನ್ನಿನಲ್ಲಿ ಜಾನ್ ವೆಸ್ಲಿಗೆ ಆದ ಅನುಭವವೂ ಶೂನ್ಯದಿಂದ ಬಂದುದಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿರುವಾಗ ಬಂದುದು. ಗ್ರಂಥ, ಅದರ ಮೇಲಣ ವ್ಯಾಖ್ಯಾನ, ಅದನ್ನು ಕೇಳುವ ಕೂಟ ಇವಿಲ್ಲದೆ ಆ ಸಂಜೆಯೇ ಇಲ್ಲ.

ಇಂಥ ಅಚ್ಚಿನಲ್ಲಿ ಬೆಳೆದವರು ಕನ್ನಡ ನಾಡಿಗೆ ಬಂದಾಗ ಕಂಡ ಒಂದು ವಿಚಿತ್ರ ಸಂದರ್ಭ ಬಳ್ಳಾರಿಯಿಂದ ಪಶ್ಚಿಮಕ್ಕೆ, ಧಾರವಾಡ ಸೀಮೆಯದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಆ ದಶಕದ ಕೊನೆಯ ಹೊತ್ತಿಗೆ ಧಾರವಾಡ, ಹುಬ್ಬಳ್ಳಿಗಳನ್ನು ತಲುಪಿದ್ದರು. ಅಲ್ಲಿ ಕಾಲಜ್ಞಾನಿಗಳೆಂಬ ಒಂದು ಪಂಗಡದವರು ಇವರನ್ನು ಹುಡುಕಿಕೊಂಡು ಬಂದರು. ಪರದೇಶದವರು ನಿಜಧರ್ಮವನ್ನು ತರುವರೆಂದು ತಮ್ಮ ಕಾಲಜ್ಞಾನದಲ್ಲಿ ನುಡಿದಿದೆ, ಆ ಪರದೇಶದವರು ನೀವಿರಬಹುದು ಎಂಬುದು ಅವರ ಎಣಿಕೆ. ಅವರಿಗಾಗಿಯೇ ಗದಗಿನ ಬಳಿಯ ಮಲಸಮುದ್ರದಲ್ಲಿ 1841ರ ಸುಮಾರಿಗೆ ಒಂದು ಬೇಸಾಯದ ವಸಾಹತನ್ನು ಏರ್ಪಡಿಸಲಾಯಿತು. ಯೋಜನೆ ಫಲಿಸಲಿಲ್ಲ.

ಈ ಸೋಲನ್ನು ಮಿಷನ್ನಿನ ಚರಿತ್ರೆಗಳು ಲೌಕಿಕ ಆಸೆ, ಅಸ್ಥಿರ ಮನಸ್ಸು ಮೊದಲಾದ ಕಾರಣಗಳಿಂದ ವಿವರಿಸುವುದುಂಟು. ನನಗೆ ಮುಖ್ಯವಾಗಿ ಕಾಣುವುದು ಪಾತ್ರಗಳ ಅದಲುಬದಲು. ಗ್ರಂಥವೇ ಪ್ರಮಾಣವೆಂದು ಸಾರಿ ಬಂದವರ ಮುಂದೆ ಜನರು ನಿಜವಾಗಿಯೂ ಒಂದು ಗ್ರಂಥದ ಪ್ರಮಾಣವನ್ನೇ ತಂದಿಟ್ಟರು. ಆದರೆ ಅದು ಅವರ ಗ್ರಂಥವಾಗಿರಲಿಲ್ಲ. ಆಗ ಮಿಷನರಿಗಳು ಗ್ರಂಥವನ್ನು ಬಿಟ್ಟು ಅನುಭವವನ್ನು ಕೇಳಿದರು: ನಿನ್ನ ಪಾಪದ ಅರಿವು ನಿನಗಾಗಿದೆಯೇ, ಹೊಸ ಹುಟ್ಟು ಕಂಡಿದ್ದೀಯೆ? ತಲೆಮಾರುಗಳಿಂದ ಕಾಯ್ದುಕೊಂಡು ಬಂದ ನುಡಿಯೊಂದು ತಮ್ಮ ಕಣ್ಣೆದುರಿಗೆ ಫಲಿಸುವುದನ್ನು ನೋಡುವುದು ಅನುಭವವಲ್ಲವೆ ಎಂದು ಆ ಜನರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಯೆಶಾಯನ ಪ್ರವಾದನೆಯನ್ನು ಸುವಾರ್ತೆಗಳ ಕರ್ತರು ಓದಿದ್ದೂ ಹೀಗೆಯೇ ತಾನೆ? ಕಾಲಜ್ಞಾನದ ಪರಂಪರೆ ಧಾರವಾಡಕ್ಕೆ ಮಾತ್ರ ಸೀಮಿತವಲ್ಲ. ಕನ್ನಡದಲ್ಲಿ ಕೊಡೇಕಲ್ಲ ಬಸವಣ್ಣನ ಹೆಸರಿನಲ್ಲಿ, ತೆಲುಗಿನಲ್ಲಿ ಕಡಪ ಸೀಮೆಯ ಪೋತುಲೂರಿ ವೀರಬ್ರಹ್ಮೇಂದ್ರನ ಹೆಸರಿನಲ್ಲಿ ಅದು ಹಬ್ಬಿದೆ. ಮಡಕಶಿರ, ರಾಯದುರ್ಗಗಳು ಈ ಎರಡು ಪರಂಪರೆಗಳ ನಡುವಣ ನೆಲ.

ಗಡಿಸೀಮೆಯ ಪೂರ್ವಕ್ಕೆ ಪ್ರಶ್ನೆ ಇನ್ನೊಂದು ರೂಪ ತಾಳಿತು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕಡಪ ಮೊದಲಾದ ತೆಲುಗು ಪ್ರದೇಶಗಳಲ್ಲಿ ಮಾಲ, ಮಾದಿಗ ಸಮುದಾಯಗಳು ಕುಟುಂಬ ಕುಟುಂಬವಾಗಿ, ಕೇರಿ ಕೇರಿಯಾಗಿ ಕ್ರೈಸ್ತ ಸಭೆಯನ್ನು ಸೇರತೊಡಗಿದವು. ಒಂದು ಕೇರಿ ಒಟ್ಟಾಗಿ ನಂಬಿದಾಗ ಅನುಭವ ಯಾರದು? ಒಬ್ಬೊಬ್ಬನನ್ನೂ ಕೂರಿಸಿ ಆತ್ಮದ ಸ್ಥಿತಿಯನ್ನು ವಿಚಾರಿಸುವ ಪದ್ಧತಿ ಇಲ್ಲಿ ತಡವರಿಸಿತು. ಜೆ. ವಾಸ್ಕಮ್ ಪಿಕೆಟ್ 1933ರಲ್ಲಿ ಪ್ರಕಟಿಸಿದ ಸಾಮೂಹಿಕ ಮತಾಂತರಗಳ ಸಮೀಕ್ಷೆಯು ಈ ಅನುಮಾನಗಳಿಗೆ ಸಮಾಧಾನ ಹೇಳುವ ಯತ್ನವೂ ಹೌದು. ಆದರೂ ಅನುಮಾನದ ಬುಡದಲ್ಲಿದ್ದ ಎಣಿಕೆ, ಅನುಭವವೆಂದರೆ ಒಬ್ಬನೇ ಪಡೆಯುವ ಸಂಗತಿಯೆಂಬುದು, ಪೂರ್ತಿ ಅಲುಗಲಿಲ್ಲ. ಊರ ಬಾವಿಯಿಂದ ದೂರವಿಡಲ್ಪಟ್ಟ ಕೇರಿಗೆ ಅವಮಾನ ಒಟ್ಟಾಗಿಯೇ ಬಂದಿತ್ತು. ಬಿಡುಗಡೆಯನ್ನು ಮಾತ್ರ ಬಿಡಿಬಿಡಿಯಾಗಿ ಕಂಡು ಬರಬೇಕೆಂದು ಕೇಳುವುದರಲ್ಲಿ ಎಂಥ ನ್ಯಾಯ?

ಬಳ್ಳಾರಿಯ ಲಂಡನ್ ಮಿಷನ್ನಿನೊಳಗಿನಿಂದಲೇ ಬೇರೊಂದು ದನಿ ಎದ್ದಿತು. ಅಲ್ಲಿ ದುಡಿದ ಬರ್ನಾರ್ಡ್ ಲ್ಯೂಕಸ್ 1907ರಲ್ಲಿಯೂ ಮತ್ತೆ 1914ರಲ್ಲಿಯೂ ಪ್ರಕಟಿಸಿದ ಪುಸ್ತಕಗಳಲ್ಲಿ, ಒಬ್ಬೊಬ್ಬರನ್ನು ತಮ್ಮ ಸಮಾಜದಿಂದ ಬೇರ್ಪಡಿಸಿ ಪಾಶ್ಚಾತ್ಯ ಸಭೆಯ ಚೌಕಟ್ಟಿಗೆ ಸೇರಿಸುವುದು ಮಿಷನ್ನಿನ ಗುರಿಯಾಗಬಾರದೆಂದು ವಾದಿಸಿದನು. ತಲೆಮಾರಿನ ಬಳಿಕ, 1938ರ ಡಿಸೆಂಬರಿನಲ್ಲಿ ಮದರಾಸಿನ ತಾಂಬರಂನಲ್ಲಿ ನಡೆದ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನದ ಹೊತ್ತಿಗೆ ಚರ್ಚೆ ಭಾರತೀಯ ಕ್ರೈಸ್ತರ ಕೈಗೆ ಬಂದಿತ್ತು. ಡಚ್ ಪಂಡಿತ ಹೆಂಡ್ರಿಕ್ ಕ್ರೇಮರ್ ಗ್ರಂಥದಲ್ಲಿ ಪ್ರಕಟವಾದ ದೈವವಾಣಿಯೇ ಏಕೈಕ ಮಾನದಂಡವೆಂದಾಗ, ತೆಲುಗುನಾಡಿನವರಾದ ಪಿ. ಚೆಂಚಯ್ಯನವರು ಸಭೆ, ಸಿದ್ಧಾಂತಗಳಿಗಿಂತ ಮುಂಚಿನದಾದ ಕ್ರಿಸ್ತನ ನೇರ ಅನುಭವವನ್ನು ಎತ್ತಿಹಿಡಿದರು. ಎ. ಜೆ. ಅಪ್ಪಸಾಮಿಯವರದು ಇನ್ನೂ ಕುತೂಹಲದ ದಾರಿ: ಶ್ರುತಿ, ಯುಕ್ತಿ, ಅನುಭವವೆಂಬ ಪ್ರಮಾಣಗಳನ್ನು ಭಾರತೀಯ ದರ್ಶನಗಳಿಂದ ಪಡೆದು ಅವುಗಳಿಗೆ ‘ಸಭೆ’ಯನ್ನು ನಾಲ್ಕನೆಯದಾಗಿ ಸೇರಿಸಿದರು. ಪಶ್ಚಿಮದ ಪ್ರೊಟೆಸ್ಟಂಟ್ ಚಿಂತನೆಯಲ್ಲಿ ಗ್ರಂಥ, ಸಂಪ್ರದಾಯ, ವಿವೇಚನೆ, ಅನುಭವಗಳ ‘ವೆಸ್ಲಿಯ ಚತುಷ್ಕೋನ’ವೆಂಬ ಮಾತು ಬಳಕೆಗೆ ಬಂದದ್ದು 1960ರ ದಶಕದ ಹೊತ್ತಿಗೆ ಆಲ್ಬರ್ಟ್ ಔಟ್ಲರ್ ಬರಹಗಳಿಂದ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಚೆಂಚಯ್ಯ, ಅಪ್ಪಸಾಮಿ ಇಬ್ಬರೂ ಈ ವಾದಗಳನ್ನು ಮುಖ್ಯವಾಗಿ ಇಂಗ್ಲಿಷಿನಲ್ಲಿ ಬರೆದರು. ಸಂಸ್ಕೃತದ ಪ್ರಮಾಣಶಾಸ್ತ್ರ ಅವರಿಗೆ ನೆರವಾಯಿತು. ವೇದವನ್ನು ಅನುಭವದಿಂದ ಪ್ರಶ್ನಿಸಿದ ಕನ್ನಡದ ವಚನ, ತೆಲುಗಿನ ವೇಮನ ಅವರ ಚೌಕಟ್ಟಿನೊಳಗೆ ಬರಲಿಲ್ಲ. ಅಪ್ಪಸಾಮಿಯವರ ಪಟ್ಟಿಯಲ್ಲಿ ಅನುಭವವು ಶ್ರುತಿಯ ಸಂಗಾತಿ. ವಚನಕಾರರಲ್ಲಿ ಅದು ಶ್ರುತಿಯ ಪ್ರತಿವಾದಿ. ಕನ್ನಡ ಮನೆಮಾತಿನ ಕ್ರೈಸ್ತನೊಬ್ಬನು ‘ಅನುಭವ’ವೆಂದಾಗ ಈ ಎರಡರಲ್ಲಿ ಯಾವ ಅರ್ಥ ಮುಂದಿರುತ್ತದೆ?

ಇದಕ್ಕೆ ಉತ್ತರ ಹುಡುಕುವ ದಾರಿಯಲ್ಲಿ ಎದುರಾಗುವ ತೊಡಕು ಭಾಷೆಯದೇ. ಲಂಡನ್ ಮಿಷನ್ನಿನ ದಾಖಲೆಗಳು ಲಂಡನ್ನಿನಲ್ಲಿ, ಬಾಸೆಲ್ ಮಿಷನ್ನಿನವು ಬಾಸೆಲ್ಲಿನಲ್ಲಿ ಇವೆ; ಅವುಗಳ ಬಹುಭಾಗ ಇಂಗ್ಲಿಷ್ ಮತ್ತು ಜರ್ಮನ್. ದೀಕ್ಷಾಸ್ನಾನಕ್ಕೆ ಮುನ್ನ ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ನಡೆದ ಪ್ರಶ್ನೋತ್ತರ ಪಾದ್ರಿಯ ವರದಿಯಲ್ಲಿ ಅವನ ಭಾಷೆಗೆ, ಅವನ ಅಚ್ಚಿಗೆ ಇಳಿದಿದೆ. ಇಂದಿಗೂ ಗಡಿಸೀಮೆಯ ಕ್ರೈಸ್ತರ ಮಾತಿನಲ್ಲಿ ಉಳಿದಿರುವುದು ‘ಸಾಕ್ಷಿ ಹೇಳುವುದು’ ಎಂಬ ನುಡಿಗಟ್ಟು. ತೆಲುಗಿನಲ್ಲಿಯೂ ಅದೇ, ‘ಸಾಕ್ಷ್ಯಂ ಚೆಪ್ಪಡಂ’. ಅದು ಗ್ರಂಥದಲ್ಲಿರುವ ಮಾತು, ಜೊತೆಗೆ ಕಚೇರಿಯದೂ ಹೌದು: ಮನ್ರೋ ಕಾಲದ ಜಮಾಬಂದಿಯಿಂದ ಹಿಡಿದು ಈ ಸೀಮೆಯ ರೈತನೂ ಆಳೂ ತನ್ನ ಹೊಲ, ಸಾಲ, ಗಡಿಗಳಿಗಾಗಿ ಎದ್ದುನಿಂತು ಆಡಿದ ಮಾತು. ಪಾದ್ರಿಯು ವರದಿಯಲ್ಲಿ ‘ಅನುಭವ’ವೆಂಬರ್ಥದ ಇಂಗ್ಲಿಷ್ ಪದವನ್ನು ಬರೆದ ಕಡೆಗಳಲ್ಲಿ ಎದುರು ನಿಂತವನು ಅಥವಾ ನಿಂತವಳು ಆಡಿದ್ದು ಅನುಭವವೋ, ಸಾಕ್ಷಿಯೋ, ದರ್ಶನವೋ, ನೆಮ್ಮದಿಯೋ? ಸ್ಥಳೀಯ ಸಭೆಗಳ ಕೈಬರಹದ ಪುಸ್ತಕಗಳು, ಉಪದೇಶಿಗಳ ದಿನಚರಿಗಳು, ಸ್ನಾನದ ದಾಖಲೆಯ ಅಂಚಿನ ಟಿಪ್ಪಣಿಗಳು ಎಲ್ಲಿಯಾದರೂ ಉಳಿದಿದ್ದರೆ ಹುಡುಕಬೇಕಾದದ್ದು ಆ ಒಂದು ಪದವನ್ನು.