ಟಂಕಸಾಲೆಯಲ್ಲಿ ಈಗ ಏನಿದೆ?

ನಮ್ಮಂಥ ಬ್ಯಾಂಕಿನವರಿಗೆ ನಾಣ್ಯ ಅಂದರೆ ಎಣಿಸಿ ಚೀಲಕ್ಕೆ ತುಂಬುವ ತಲೆನೋವು. ಅದು ಹುಟ್ಟಿದ ಮನೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಹೈದರಾಬಾದಿನಲ್ಲಿ ಅಂಥದ್ದೊಂದು ಮನೆ ಸೆಕ್ರೆಟರಿಯೇಟ್ ಹತ್ತಿರ ಸೈಫಾಬಾದಿನಲ್ಲಿದೆ. ಜನರ ಬಾಯಲ್ಲಿ ಅದು ಮಿಂಟ್ ಕಾಂಪೌಂಡ್.

ಹಳೇ ಊರಿನಲ್ಲಿದ್ದ ನಿಜಾಮರ ಟಂಕಸಾಲೆ 1903ರಲ್ಲಿ ಇಲ್ಲಿಗೆ ಬಂತು. ಸುತ್ತಿಗೆಯಲ್ಲಿ ಬಡಿದು ಅಚ್ಚೊತ್ತುವ ಕಾಲ ಅಷ್ಟು ಹೊತ್ತಿಗೆ ಮುಗಿದು ಯಂತ್ರದ ಕಾಲ ಶುರುವಾಗಿತ್ತು. 1950ರಲ್ಲಿ ಕೇಂದ್ರ ಸರ್ಕಾರದ ಕೈಗೆ ಹೋಯಿತು. ಜಾಗ ಸಾಲದೆ 1997ರಲ್ಲಿ ಚೆರ್ಲಪಲ್ಲಿಗೆ ಹೊಸ ಕಾರ್ಖಾನೆ ಹೋದ ಮೇಲೆ ಹಳೆಯದು ಸುಮ್ಮನಾಯಿತು.

ಕಲಬುರಗಿ ಕಡೆಯವನಾದ ನನಗೆ ಇದು ಬರೀ ಹೈದರಾಬಾದಿನ ಕತೆಯಲ್ಲ. ಬೀದರ್, ಕಲಬುರಗಿ, ರಾಯಚೂರಿನ ಸಂತೆಗಳಲ್ಲಿ ಓಡಾಡಿದ್ದು ಇಲ್ಲಿಯ ದುಡ್ಡೇ. ನಮ್ಮ ಮುತ್ಯಾ ಅದನ್ನು 'ಹಾಲಿ ಸಿಕ್ಕಾ' ಅನ್ನುತ್ತಿದ್ದ, ಬ್ರಿಟಿಷರ ರೂಪಾಯಿಗೆ 'ಕಲ್ದಾರ್'. ಏಳು ಹಾಲಿಗೆ ಆರು ಕಲ್ದಾರ್ ಲೆಕ್ಕ. ಸೊಲ್ಲಾಪುರಕ್ಕೆ ವ್ಯಾಪಾರಕ್ಕೆ ಹೋಗುವವರಿಗೆ ಈ ಲೆಕ್ಕ ಬಾಯಿಪಾಠ ಇರಲೇಬೇಕಿತ್ತು! ನಿಜಾಮರ ನೋಟಿನ ಮೇಲಂತೂ ಉರ್ದು, ತೆಲುಗು, ಮರಾಠಿಯ ಜೊತೆ ಕನ್ನಡದಲ್ಲೂ ಬೆಲೆ ಬರೆದಿರುತ್ತಿತ್ತು. ಹಾಲಿ ಅಂದರೆ ಈಗ ಚಲಾವಣೆಯಲ್ಲಿರುವುದು ಎಂದರ್ಥ. 1959ರ ಹೊತ್ತಿಗೆ ಹಾಲಿ ಮಾಜಿಯಾಯಿತು.

ಖಾಲಿಯಾದ ಕಾರ್ಖಾನೆಯನ್ನು ಏನು ಮಾಡಬೇಕು? ಈ ಊರಿನ ಉಳಿದ ಉದಾಹರಣೆಗಳು ಸಂತೋಷ ಕೊಡುವುದಿಲ್ಲ. ಫ್ರೆಂಚ್ ಸೇನಾನಿ ರೇಮಂಡ್ 1786ರಲ್ಲಿ ಕಟ್ಟಿಸಿದ ಫಿರಂಗಿ ಎರಕದ ಮನೆಯಿಂದ ಗನ್‌ಫೌಂಡ್ರಿ ಎಂಬ ಬಡಾವಣೆಗೆ ಹೆಸರು ಸಿಕ್ಕಿತು, ಆ ಮನೆ ಮಾತ್ರ ಪಾಳು ಗೋಡೆಯಾಗಿ ನಿಂತಿದೆ. ಹುಸೇನ್ ಸಾಗರದ ದಂಡೆಯ 1920ರ ವಿದ್ಯುತ್ ಕೇಂದ್ರವನ್ನು 1990ರ ದಶಕದಲ್ಲಿ ಕೆಡವಿಯೇ ಬಿಟ್ಟರು. ಆ ಕಡೆ ಈಗ ಎನ್.ಟಿ.ಆರ್. ಗಾರ್ಡನ್, ಪ್ರಸಾದ್ಸ್ ಮಲ್ಟಿಪ್ಲೆಕ್ಸ್ ಇವೆ. ಸಿನಿಮಾಕ್ಕೆ ಹೋದವರಿಗೆ ಚಿಮಣಿಯ ಗುರುತೂ ಸಿಗದು.

ಟಂಕಸಾಲೆಯ ಹಣೆಬರಹ ಸ್ವಲ್ಪ ಚೆನ್ನಾಗಿತ್ತು. 2022ರ ಜೂನ್‌ನಲ್ಲಿ ಅಲ್ಲಿ ನಾಣ್ಯಗಳ ಮ್ಯೂಸಿಯಂ ತೆರೆಯಿತು. ಮಿಂಟ್ ಕಾಂಪೌಂಡಿನಲ್ಲೇ ವಿದ್ಯುತ್ ವಿತರಣಾ ಕಂಪನಿಯ ಮುಖ್ಯ ಕಚೇರಿಯೂ ಇದೆ, ಹಾಗಾಗಿ ದಿನಾ ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದ ನೌಕರರು ಆ ಕಡೆ ಹೋಗುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಹಳೆ ಕಾರ್ಖಾನೆಗೆ ಮ್ಯೂಸಿಯಂಗಿಂತ ಕಚೇರಿಯೇ ಒಳ್ಳೆಯ ಜೊತೆ. ಮ್ಯೂಸಿಯಂಗೆ ಜನ ಒಮ್ಮೆ ಬರುತ್ತಾರೆ, ಕಚೇರಿಗೆ ದಿನಾ. ದಿನಾ ಬರುವವರಿದ್ದರೆ ಸೂರು ಸೋರಿದ್ದು ಅಂದೇ ಗೊತ್ತಾಗುತ್ತದೆ, ರಿಪೇರಿಗೆ ಬಜೆಟ್ಟೂ ಹುಟ್ಟುತ್ತದೆ. ವೈರಿಂಗ್, ಶೌಚಾಲಯ, ಲಿಫ್ಟ್ ಅಂತ ಹಳೆ ಗೋಡೆ ಕೊರೆಯುವಾಗ ಎಚ್ಚರ ಬೇಕು, ಖರ್ಚೂ ಜಾಸ್ತಿ, ಒಪ್ಪುತ್ತೇನೆ. ಆದರೂ ಕೆಡವಿ ಕಟ್ಟಿದ ಗಾಜಿನ ಡಬ್ಬಿಗಳನ್ನು ಹೈಟೆಕ್ ಸಿಟಿಯಲ್ಲಿ ಬೇಕಾದಷ್ಟು ನೋಡಿದ್ದೇವಲ್ಲ.

ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಚಾರ್ಮಿನಾರ್ ಅಚ್ಚಿನ ಹಳೆ ಬೆಳ್ಳಿ ರೂಪಾಯಿ ಇದ್ದರೆ ಕರಗಿಸಲು ಕೊಡಬೇಡಿ. ಅದು ಸೈಫಾಬಾದಿನದು.