ಹುಲ್ಲು ಕತ್ತರಿಸುವ ಹಳೆಯ ಯಂತ್ರದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದೊಡನೆ ನಮಗೆ ನೆನಪಾಗುವುದು ದೇಗುಲ. ಹುಲ್ಲುಹಾಸನ್ನು ಕತ್ತರಿಸುವ ಹಳೆಯ ಯಂತ್ರಕ್ಕೂ ಈ ಮಾತು ಸಲ್ಲುತ್ತದೆ. ಅದಕ್ಕೂ ಒಂದು ಚರಿತ್ರೆಯುಂಟು.

ಇಂಗ್ಲೆಂಡಿನ ಸ್ಟ್ರೌಡ್ ಪ್ರದೇಶ ಉಣ್ಣೆಬಟ್ಟೆಗೆ ಹೆಸರಾದದ್ದು. ಬಟ್ಟೆಯ ಮೇಲೆದ್ದ ಎಳೆಗಳನ್ನು ಸಮನಾಗಿ ಕತ್ತರಿಸಲು ಅಲ್ಲಿನ ಗಿರಣಿಗಳಲ್ಲಿ ಸುರುಳಿ ಅಲಗುಗಳ ಉರುಳೆಯೊಂದಿತ್ತು. ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರಕುಶಲಿ ಅದೇ ತತ್ತ್ವವನ್ನು ಹುಲ್ಲಿಗೆ ಅನ್ವಯಿಸಿ 1830ರಲ್ಲಿ ಪೇಟೆಂಟ್ ಪಡೆದನು. ಜಾನ್ ಫೆರಾಬಿಯ ಕಬ್ಬಿಣದ ಕಾರ್ಖಾನೆಯಲ್ಲಿ ಯಂತ್ರ ಸಿದ್ಧವಾಯಿತು. 1832ರಲ್ಲಿ ಇಪ್ಸ್‌ವಿಚ್‌ನ ರಾನ್ಸಮ್ಸ್ ಸಂಸ್ಥೆಯೂ ಅದನ್ನು ತಯಾರಿಸುವ ಪರವಾನಗಿ ಪಡೆಯಿತು. ಅದುವರೆಗೆ ಉದ್ದ ಹಿಡಿಯ ಕುಡುಗೋಲೇ ಗತಿ. ಅದಕ್ಕೆ ಪಳಗಿದ ಕೈಯೂ ಇಬ್ಬನಿಯ ತೇವವೂ ಬೇಕಾಗಿದ್ದವು.

ಯಂತ್ರದ ಮರ್ಮ ಕತ್ತರಿಯದೇ. ತಿರುಗುವ ಅಲಗು ಕೆಳಗಿನ ಸ್ಥಿರ ಅಲಗನ್ನು ಸವರಿಕೊಂಡು ಹೋಗುವಾಗ ನಡುವೆ ಸಿಕ್ಕ ಹುಲ್ಲು ತುಂಡಾಗುತ್ತದೆ. ಆದ್ದರಿಂದ ಜೀರ್ಣೋದ್ಧಾರದ ಮೊದಲ ಕೆಲಸ ಬಣ್ಣ ಬಳಿಯುವುದಲ್ಲ. ಸಾಣೆಪುಡಿಯನ್ನು ಎಣ್ಣೆಯಲ್ಲಿ ಕಲಸಿ ಅಲಗುಗಳಿಗೆ ಹಚ್ಚಿ, ಉರುಳೆಯನ್ನು ಹಿಮ್ಮುಖವಾಗಿ ತಿರುಗಿಸಿದರೆ ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ನಡುವೆ ಹಿಡಿದ ಕಾಗದ ಅಲಗಿನ ಉದ್ದಕ್ಕೂ ನಯವಾಗಿ ತುಂಡಾದರೆ ಕೆಲಸ ಗೆದ್ದಂತೆ.

ಪ್ರದರ್ಶನಕ್ಕಿಡುವ ವಸ್ತುವಿಗೆ ಹರಿತವೇಕೆ ಎಂದು ನೀವು ಕೇಳಬಹುದು. ಕತ್ತರಿಸದ ಯಂತ್ರ ತನ್ನ ಕಥೆಯನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಆದರೆ ಅತಿಯಾಗಿ ಉಜ್ಜಿದರೆ ಮೂಲ ಬಣ್ಣವೂ ಅಲಗಿನ ಉಕ್ಕೂ ಸವೆದುಹೋಗುತ್ತವೆ. ಹೋದದ್ದು ಮರಳಿ ಬಾರದು. ಹಿಡಿಯ ಮೇಲೆ ಹಲವು ಕೈಗಳು ಮೂಡಿಸಿದ ಸವಕಲು ಕೂಡ ಚರಿತ್ರೆಯ ದಾಖಲೆಯೇ. ಕೆಲಸ ನಡೆಯುವಷ್ಟು ಸರಿಪಡಿಸಿ, ಉಳಿದುದನ್ನು ಮುಟ್ಟದಿರುವ ಸಂಯಮವೇ ನಿಜವಾದ ಜೀರ್ಣೋದ್ಧಾರ.